ಗಾಲಿ ಕಪಾಟಿನ ಗಿಡ್ಡ ಕಾಲು

ಇವತ್ತು ಬೆಳಗ್ಗೆ ಅಂಗಳದಲ್ಲಿ ಸಾಗುವಾನಿ ಕೊಯ್ದ ವಾಸನೆ ಎದ್ದಿತು ನೋಡಿ, ನನ್ನ ಬಾಯಿ ತಾನಾಗಿ ತೆರೆಯಿತು. ಹೊಟ್ಟು ಮೂಗಿಗೆ ಹೋಗಿ ಸೀನಲು ಅಲ್ಲ. ಆ ವಾಸನೆ ಬಂದಾಗಲೆಲ್ಲ ನನ್ನ ಬಾಯಿ ತಪ್ಪೊಪ್ಪಿಕೊಳ್ಳಲು ತಯಾರಾಗಿ ನಿಲ್ಲುತ್ತದೆ.

ಈ ಬಾಯಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇವರು ನನಗೆ ಅಜ್ಜನ ಮೂಗು ಕೊಟ್ಟ, ಸೋದರಮಾವನ ಕಿವಿ ಕೊಟ್ಟ. ದನಿ ಕೊಡುವ ಹೊತ್ತಿಗೆ ದಾಸ್ತಾನು ತೀರಿತ್ತೆಂದು ಕಾಣುತ್ತದೆ, ಸಿಕ್ಕವರದು ತೊಗೊ ಎಂದು ಬಿಟ್ಟುಬಿಟ್ಟ. ಹಾಲಿನವನದು, ಗಣಿತದ ಮಾಸ್ತರರದು, ಜ್ವರ ಬಂದಾಗಿನ ನನ್ನದೇ ದನಿ, ಎಲ್ಲ ತೆಗೆಯುತ್ತಿದ್ದೆ. ಇಂಟರ್ ಪರೀಕ್ಷೆ ಮಾತ್ರ ಪಾಸಾಗಲಿಲ್ಲ, ಅಲ್ಲಿ ಬರೆಯಬೇಕಿತ್ತು.

ಹಾಗಾಗಿ ಐದು ವರ್ಷದ ಹಿಂದೆ ನಾಗಪುರದ ಇತವಾರಿ ಪೇಟೆಯ ಓಣಿಯಲ್ಲಿದ್ದ ಕಾಕಾನ, ಎಂದರೆ ಚಿಕ್ಕಪ್ಪನ, ಕಾರ್ಖಾನೆಗೆ ಬಂದು ಬಿದ್ದೆ. ಕಾರ್ಖಾನೆಯೆಂದರೆ ಒಂದು ಕೋಣೆ, ಒಂದು ಅಂಗಳ. ಗದಗಿನ ಕಡೆಯಿಂದ ಬಂದ ಕಾಕಾ ಅಲ್ಲಿ ಹಾರ್ಮೋನಿಯಂ ಪೇಟಿಗಳನ್ನು ರಿಪೇರಿ ಮಾಡುತ್ತಿದ್ದ. ಪಶ್ಚಿಮದ ಗೋಡೆ ತಗಡಿನದು. ನಾಗಪುರದ ಮಧ್ಯಾಹ್ನದ ಬಿಸಿಲು ಆ ತಗಡಿನ ಮೇಲೆ ಕೂತಿತೆಂದರೆ ಅಂಟು ಕರಗಿ ಪೇಟಿಗಳ ಹಲಗೆಗಳು ಬಾಯಿ ಬಿಡುತ್ತಿದ್ದವು. ಬೆಳಗ್ಗೆ ಪೂರ್ವದ ಕಿಟಕಿಯಿಂದ ಅದೇ ಉಪದ್ರವ. ಹೀಗಾಗಿ ಕಾಕಾ ದಿನಾ ಹನ್ನೊಂದಕ್ಕೆ ಹದಿನಾಲ್ಕು ಪೇಟಿಗಳನ್ನು ಒಂದೊಂದಾಗಿ ಎತ್ತಿ, ಬೀಗರನ್ನು ಪಂಕ್ತಿಯಲ್ಲಿ ಕೂರಿಸುವ ಹಾಗೆ, ಎದುರು ಗೋಡೆಗೆ ಕೂರಿಸುತ್ತಿದ್ದ. ಸೊಂಟ ಹಿಡಿದ ಮೇಲೆ ನಿರ್ಧಾರವಾಯಿತು: ಗಾಲಿಯ ಮೇಲೆ ಓಡಾಡುವ, ಬಾಗಿಲಿಲ್ಲದ, ಗಟ್ಟಿಮುಟ್ಟಾದ ಕಪಾಟು ಬೇಕು.

ಯಾವುದೋ ಗೋದಾಮಿನ ಮುರುಕು ತಳ್ಳುಗಾಡಿಯಿಂದ ನಾಲ್ಕು ಬೀಡುಕಬ್ಬಿಣದ ಗಾಲಿ ಸಿಕ್ಕವು. ಹಳೆಯ ಬಾಗಿಲ ಚೌಕಟ್ಟಿನಿಂದ ಸಾಗುವಾನಿ ಕಾಲುಗಳು. ಕಟ್ಟಲು ಬಂದವರು ಬಡಗಿ ಬಾಬುರಾವ್ ಮಿಸ್ತ್ರಿ. ಸೊಲ್ಲಾಪುರದ ಕಡೆಯವರು, ಅರವತ್ತು ದಾಟಿದವರು, ಕನ್ನಡ ಮರಾಠಿ ಎರಡನ್ನೂ ಒಂದೇ ತಾಟಿನಲ್ಲಿ ಕಲೆಸಿ ಉಣ್ಣುವವರು. ಅವರು ಅಂಗಳದ ಬೇವಿನ ಕೆಳಗೆ ಕೊಯ್ಯುವುದು, ಕಾಕಾ ಒಳಗೆ ಅಳತೆ ಹಿಡಿದು ಕೂಗುವುದು. ಚೀಟಿ ಬರೆದು ಕೊಟ್ಟರೆ ಅವರಿಗೆ ಅವಮಾನ. "ನನ್ನ ಕಿವಿ ಸತ್ತಾವೇನು?" ಎಂದು ಕೇಳುತ್ತಿದ್ದರು.

ಕಾಕಾನ ದನಿ ತೂತು ಬಿದ್ದ ತಿದಿಯ ಹಾಗೆ. ಮೊದಲು ಗಾಳಿ, ಆಮೇಲೆ ಮಾತು. "ಹ್ಹ... ನೋಡ್ರಿ ಬಾಬುರಾವ್!" ಇಂಥ ಮಾಲು ಕೈಗೆ ಸಿಕ್ಕಮೇಲೆ ನಾನು ಸುಮ್ಮನಿರುವುದುಂಟೆ? ನಾಲ್ಕನೆಯ ಕಾಲಿನ ಸರದಿ ಬಂದಾಗ ಕಾಕಾ ಹಿತ್ತಲಿಗೆ ಕೈ ತೊಳೆಯಲು ಹೋಗಿದ್ದ. ನಾನು ಬಾಗಿಲ ಮರೆಯಿಂದ ಕೂಗಿದೆ: "ಹ್ಹ... ನೋಡ್ರಿ ಬಾಬುರಾವ್, ಇದನ್ನ ಎರಡ ಇಂಚ ಕಮೀ ಮಾಡ್ರಿ!"

ಅವರ ನಗುವಿಗಾಗಿ ಕಾದೆ. ಗರಗಸದ ಸದ್ದು ಬಂತು. ಇದೂ ಅವರ ಕಡೆಯ ಚೇಷ್ಟೆ ಇರಬೇಕೆಂದು ನಗುತ್ತ ಇಣುಕುವಷ್ಟರಲ್ಲಿ ಎರಡಿಂಚಿನ ತುಂಡು ಬೇವಿನ ತರಗೆಲೆಯಲ್ಲಿ ಬಿದ್ದಿತ್ತು. ಆಗಲೇ ಹೇಳಬೇಕಿತ್ತು. ನನ್ನ ನೂರು ದನಿಗಳಲ್ಲಿ ಒಂದೂ ಹೊರಡಲಿಲ್ಲ.

ಸಂಜೆ ಜೋಡಿಸಿ ನಿಲ್ಲಿಸಿದಾಗ ಕಪಾಟು ಕುಂಟಿತು.

"ನೀವಽ ಕಮೀ ಮಾಡ್ರಿ ಅಂದ್ರಿ," ಎಂದರು ಬಾಬುರಾವ್. "ಮೂಲ್ಯಾಗ ನೆಲಾ ಎದ್ದದ ಅಂತ ತಿಳಕೊಂಡೆ."

"ನಾ ಅಂದಿಲ್ರಿ. ಓಡಾಡೂ ಕಪಾಟಿಗೆ ಯಾವ ಮೂಲಿ, ಬಾಬುರಾವ್?"

ಅವರು ಗಿಡ್ಡ ಕಾಲನ್ನು ಮುಟ್ಟಿ ನೋಡಿದರು. ತಮ್ಮ ಕಿವಿಯನ್ನೂ ಮುಟ್ಟಿ ನೋಡಿದರು. "ಖರೇ ಅದ. ಯಾರೂ ಅನ್ನದ ಮಾತು ಕೇಳಿಸ್ಲಿಕ್ಕೆ ಹತ್ತಿದ ಮ್ಯಾಲ ಗರಗಸಾ ಹಿಡೀಬಾರದು. ಇವತ್ತಿಗೆ ನನ್ನ ಕೆಲಸಾ ಬಸ್, ಮುಗೀತು." ಸಿಟ್ಟಿನಿಂದ ಅಂದಿದ್ದರೆ ಎಷ್ಟೋ ಮೇಲಿತ್ತು. ಗರಗಸಕ್ಕೆ ಗೋಣಿತಟ್ಟು ಸುತ್ತಿದರು. ಉಳಿಗಳನ್ನು ಒರೆಸಿ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದರು.

ಕೊನೆಯ ಉಳಿ ಒಳಗೆ ಹೋಗುವಾಗ ನನ್ನ ಬಾಯಿ ತೆರೆಯಿತು. ನೆಲ ನೋಡುತ್ತ ಹೇಳಿದೆ: "ಹ್ಹ... ನೋಡ್ರಿ ಬಾಬುರಾವ್, ಇದನ್ನ ಎರಡ ಇಂಚ ಕಮೀ ಮಾಡ್ರಿ." ನನ್ನ ಆಟಗಳಲ್ಲಿ ಯಾರೂ ನಗದ ಆಟ ಅದೊಂದೇ.

ಕಾಕಾ ಕೈ ಎತ್ತಿದ. ಬಾಬುರಾವ್ ಅಡ್ಡ ಬಂದರು. "ತಡೀರಿ. ಲೇ, ಮತ್ತೊಮ್ಮೆ ಅನ್ನು." ಕಣ್ಣು ಮುಚ್ಚಿ ಕೇಳಿದರು. ಮೂರನೆಯ ಸಲವೂ ಅನ್ನಿಸಿದರು. ಆಮೇಲೆ ತೊಡೆ ತಟ್ಟಿ, "ಬರೋಬರ್! ಇದಽ! ನನ್ನ ಕಿವಿ ನೆಟ್ಟಗ ಅದ!" ಎಂದು ಚೀಲ ಬಿಚ್ಚಿದರು.

ಕಾಕಾ ಇನ್ನೂ ನನ್ನನ್ನೇ ನೋಡುತ್ತಿದ್ದ. "ನಾ ಹಿಂಗ ಮಾತಾಡ್ತೀನೇನಲೇ?"

"ಇದಕ್ಕಿಂತ ಕೆಟ್ಟ," ಎಂದರು ಬಾಬುರಾವ್.

ಗಿಡ್ಡ ಕಾಲಿಗೆ ಎರಡಿಂಚು ಜಾಲಿಮರದ ತುಂಡು ಕೂಡಿಸಿ, ಬೋಲ್ಟು ಬಿಗಿದು, ನನ್ನತ್ತ ತಿರುಗಿದರು. "ಇದು ನಿನ್ನ ನಾಲಿಗಿ. ಮ್ಯಾಲ ಭಾರ ಕೂತ್ರ ಸುಮ್ಮನ ಇರತದ." ಸಾಗುವಾನಿಯ ನಡುವೆ ಆ ಕಪ್ಪು ತುಂಡು ಇಂದಿಗೂ ಎದ್ದು ಕಾಣುತ್ತದೆ. ಹದಿನಾಲ್ಕು ಪೇಟಿ ಹೊತ್ತು ದಿನಕ್ಕೆರಡು ಸಲ ಓಡಾಡಿದರೂ ಕಪಾಟು ಅಲುಗಿಲ್ಲ. ತಳ್ಳುವ ಕೆಲಸ ನನ್ನದೇ ಆಯಿತು, ಬೇರೆ ಹೇಳಬೇಕಿಲ್ಲ. ಅಂದಿನಿಂದ ಇನ್ನೊಂದು ಕಾಯಿದೆಯೂ ಬಂತು: ಅಳತೆ ಕೂಗಿದವರು ಬಾಗಿಲಿಗೆ ಬಂದು ಮುಖ ತೋರಿಸಬೇಕು, ಆಮೇಲೆಯೇ ಗರಗಸ. ನನ್ನ ತಪ್ಪಿಗೆ ಪಾಪ ಕಾಕಾನೂ ಪ್ರತಿ ಹಲಗೆಗೂ ಸೊಂಟ ಹಿಡಿದುಕೊಂಡು ಎದ್ದುಬಂದು, "ನಾನಽ ರೀ, ನಾನಽ," ಎಂದು ದರ್ಶನ ಕೊಡುತ್ತಿದ್ದ.

ಈಗ ಪೇಟಿಗಳು ಹೆಚ್ಚಿವೆ, ಎರಡನೆಯ ಕಪಾಟು ಏಳುತ್ತಿದೆ. ಕಾಕಾ ಭಜನಾ ಮಂಡಳಿಯೊಂದರ ಪೇಟಿ ನೋಡಲು ಸಾವನೇರಿಗೆ ಹೋಗಿದ್ದಾನೆ. ಹಾಗಾಗಿ ಇವತ್ತು ಅಳತೆ ಹಿಡಿದವನು ನಾನು. ನಾಲ್ಕನೆಯ ಕಾಲಿನ ಹೊತ್ತಿಗೆ ನನ್ನ ಸ್ವಂತ ದನಿಯಲ್ಲಿ, ಉಪಯೋಗ ಕಡಿಮೆಯಾಗಿ ಅದು ಇನ್ನೂ ಹೊಸದರಂತಿದೆ, ಕೂಗಿದೆ: "ಬಾಬುರಾವ್ ಮಾಮಾ, ಐವತ್ತೆರಡು ಇಂಚು!"

ಮುಖ ತೋರಿಸಲು ಎದ್ದೆ. ಮೊಣಕಾಲು ನೆಟ್ಟಗಾಗುವ ಮೊದಲೇ ಅಂಗಳದಲ್ಲಿ ಗರಗಸ ಶುರುವಾಗಿತ್ತು.

ಆದರೂ ಬಾಗಿಲಿಗೆ ಹೋಗಿ ನಿಂತೆ. ದನಿಯೇ ಸಾಕಾಗಿತ್ತು ಅವರಿಗೆ, ತಲೆ ಎತ್ತಿ ನೋಡಲಿಲ್ಲ.