ಚಪ್ಪಟೆ ಅಕ್ಷರಗಳ ಮೇಷ್ಟ್ರು

ಟೈಪಿಂಗ್ ಮೇಷ್ಟ್ರಿಗೆ ಹೇಸಿಗೆ ಹುಟ್ಟಿಸದ ವಸ್ತು ಈ ಲೋಕದಲ್ಲಿ ಒಂದೂ ಇರಲಿಲ್ಲ. ಆರಿದ ಚಹಾ ಕಂಡರೆ ಹೇಸಿಗೆ. ಬಿಸಿ ಚಹಾವನ್ನು ಸೊರ್ರೆಂದು ಹೀರುವವರನ್ನು ಕಂಡರೆ ಇನ್ನೂ ಹೇಸಿಗೆ. ಆದರೆ ಕೀಲಿಮಣೆಯನ್ನು ನೋಡಿಕೊಂಡು ಟೈಪ್ ಮಾಡುವವರನ್ನು ಕಂಡರೆ ಮಾತ್ರ ಅವರ ಮೂಗು ಕಿವಿಯ ತನಕ ಸರಿದು, ಸಂಜೆ ಮನೆಗೆ ಹೋಗಿ ಮುಖ ತೊಳೆದ ಮೇಲಷ್ಟೇ ಸ್ವಸ್ಥಾನಕ್ಕೆ ಮರಳುತ್ತಿತ್ತು.

ಯೌವನವನ್ನೆಲ್ಲ ಟೈಪಿಂಗ್ ಶಾಲೆಯಲ್ಲಿ ಸವೆಸಿದ ಜೀವ ಅದು. ಅವರು ಕುರ್ಚಿಯಲ್ಲಿ ಕೂತರೆ ಬೆನ್ನು ಎಷ್ಟು ನೆಟ್ಟಗಿರುತ್ತಿತ್ತೆಂದರೆ, ಎದುರಿಗೆ ಮನೆ ಕಟ್ಟುತ್ತಿದ್ದ ಗಾರೆಯವರು ತೂಗುಗುಂಡನ್ನು ಮನೆಯಲ್ಲೇ ಬಿಟ್ಟು ಬಂದು, ಕಿಟಕಿಯಿಂದ ಇವರನ್ನು ನೋಡಿಯೇ ಗೋಡೆ ಎಬ್ಬಿಸಿದರಂತೆ. ಅವರ ಪಾಠವೂ ಅಷ್ಟೇ ನೆಟ್ಟಗೆ. ಕಣ್ಣು ಹಸ್ತಪ್ರತಿ ಬಿಟ್ಟು ಕದಲಬಾರದು. ಅಕ್ಷರ ಎಡಗೈಯದ್ದಾದರೆ ಅದರ ಜೊತೆ ಒತ್ತುವ ಶಿಫ್ಟಿನಂಥ ಕೀಲಿ ಬಲಗೈಯದ್ದು. ಅಕ್ಷರ ಬಲಗೈಯದ್ದಾದರೆ ಕೀಲಿ ಎಡಗೈಯದ್ದು. ಈ ನಿಯಮ ಮುರಿದ ಶಿಷ್ಯರ ಬೆರಳ ಗೆಣ್ಣುಗಳಿಗೆ ಮರದ ಸ್ಕೇಲಿನ ಪರಿಚಯ ಚೆನ್ನಾಗಿತ್ತು.

ಶಾಲೆ ಮುಚ್ಚಿದ ಮೇಲೆ ಅದೇ ಶಿಷ್ಯರಲ್ಲೊಬ್ಬಳು, ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಮುದ್ರಣಾಲಯದ ಒಡತಿ, ಅವರನ್ನು ಕರೆದು ಕುರ್ಚಿ ಕೊಟ್ಟಳು. ಪಕ್ಕದ ಕುರ್ಚಿಯಲ್ಲಿ ಅವರ ನಾದಿನಿ, ಅಂದರೆ ಹೆಂಡತಿಯ ತಂಗಿ. ಆಕೆ ಒಂದೇ ಬೆರಳಲ್ಲಿ ಟೈಪ್ ಮಾಡುವವಳು. ತಲೆ ಒಮ್ಮೆ ಕೆಳಗೆ, ಒಮ್ಮೆ ಮೇಲೆ. ಮೇಷ್ಟ್ರು ಆಕೆಗೆ 'ಕೋಳಿ' ಎಂದು ಹೆಸರಿಟ್ಟಿದ್ದರು.

"ಕುಕ್ಕು, ಕುಕ್ಕು. ಸಂಜೆಯೊಳಗೆ ಒಂದು ಮೊಟ್ಟೆನಾದ್ರೂ ಇಡ್ತೀಯೇನೋ ನೋಡೋಣ."

"ಇಟ್ರೆ ನಿಮ್ಗೇ ಮೊದ್ಲು ಕೊಡ್ತೀನಿ ಭಾವ. ನಿಮ್ಮ ಸಿಡುಕಿನ ಮೇಲಿಟ್ರೆ ತಾನಾಗೇ ಬೇಯುತ್ತೆ."

ತೊಂದರೆ ಶುರುವಾದದ್ದು ಹೊಸ ಕಂಪ್ಯೂಟರ್ ಬಂದ ಮೇಲೆ. ಪ್ರಶ್ನೆಪತ್ರಿಕೆ ಜೋಡಿಸುವ ಮುದ್ರಣಾಲಯದ ಹಳೆಯ ತಂತ್ರಾಂಶ ಓಡುತ್ತಿದ್ದದ್ದು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯಲ್ಲಿ ಮಾತ್ರ. ಹೊಸ ಯಂತ್ರಕ್ಕೆ ಅದು ಒಗ್ಗಲಿಲ್ಲ. ರಿಪೇರಿಯವನು ಬಂದು, ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಸುಳ್ಳು ಕಂಪ್ಯೂಟರು ಕೂರಿಸಿ, ಅದರೊಳಗೆ ಲಿನಕ್ಸ್ ಹಾಕಿ, ಅದರೊಳಗೆ ತಂತ್ರಾಂಶ ಇಟ್ಟ. 'ವರ್ಚುಯಲ್ ಮೆಷೀನ್' ಎಂದ. ಮೇಷ್ಟ್ರಿಗೆ ಬಸುರಿ ಯಂತ್ರದ ಮುಂದೆ ಕೂತಷ್ಟು ಮುಜುಗರವಾಯಿತು.

ಎರಡು ಪುಟ ಟೈಪ್ ಮಾಡಿ ಹಸ್ತಪ್ರತಿಯಿಂದ ಕಣ್ಣೆತ್ತಿದರೆ, ಪರದೆಯ ಮೇಲಿನ ಅಕ್ಷರಗಳೆಲ್ಲ ಲಾರಿಯ ಚಕ್ರ ಮೈಮೇಲೆ ಹತ್ತಿಳಿದ ಕಪ್ಪೆಗಳ ಹಾಗೆ ಅಡ್ಡಡ್ಡ ಹರಡಿಕೊಂಡಿದ್ದವು. ಅಂಚುಗಳು ಮಸುಕು. ಮೇಲಿದ್ದ ಮೆನು ಪಟ್ಟಿ ಮಂಗಮಾಯ.

"ಥೂ! ಇದೇನಿದು, ವಾಂತಿ ಮಾಡ್ಕೊಂಡಿದ್ಯಲ್ಲ!"

ರಿಪೇರಿಯವನು ಫೋನಿನಲ್ಲಿ ವಿಡಿಯೋ ಮೆಮೊರಿ ಹೆಚ್ಚಿಸಲು ಹೇಳಿದ. ಹೆಚ್ಚಿಸಿದರು. ಕಪ್ಪೆಗಳು ಇನ್ನೂ ಕೊಬ್ಬಿದಂತೆ ಕಂಡವು. ಕೊನೆಗೆ ಅವನೇ ಬಂದ.

"ಸಾರ್, ಹೊರಗಿನ ಕಂಪ್ಯೂಟರು ಮನೆಯವರು ಇದ್ದಂಗೆ, ಒಳಗಿರೋ ಲಿನಕ್ಸು ನೆಂಟರು ಇದ್ದಂಗೆ. ನೆಂಟರಿಗೆ ಮನೆ ಅಳತೆ ಗೊತ್ತಾಗ್ಬೇಕಲ್ಲ, ಅದಕ್ಕೊಂದು ಸಣ್ಣ ತಂತ್ರಾಂಶ ಹಾಕ್ತೀನಿ."

"ನೆಂಟರಿಗೆ ಅಳತೆ ಗೊತ್ತಿರುತ್ತೇನಪ್ಪ? ನಮ್ಮನೆಗೆ ಬಂದೋರಿಗೆ ಅಡುಗೆಮನೆ ದಾರಿ ಒಂದು ಬಿಟ್ರೆ ಇನ್ನೇನೂ ಗೊತ್ತಿಲ್ಲ," ಎಂದು ಮೇಷ್ಟ್ರು ನಾದಿನಿಯ ಕಡೆ ನೋಡಿದರು.

ಅವನು ಹಾಕಿದ. ಅಕ್ಷರಗಳು ಮೈಮುರಿದು ನೆಟ್ಟಗೆ ನಿಂತವು. ಅವನ ಸ್ಕೂಟರು ಬೀದಿಯ ತಿರುವು ದಾಟುವುದರೊಳಗೆ ಮತ್ತೆ ಕಪ್ಪೆ. ಅವನು ಬಂದರೆ ಸರಿ, ಹೋದರೆ ಹಾಳು. ಕೆಲವೊಮ್ಮೆ ಯಾರೂ ರಿಪೇರಿಗೆ ಕೈಹಾಕದೆಯೂ, ಮೇಷ್ಟ್ರು ಟೈಪ್ ಮಾಡುತ್ತಿದ್ದಂತೆಯೇ ಸರಿಯಾಗಿ, ಮತ್ತೆ ಕೆಡುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಮೇಷ್ಟ್ರು ಹೇಗೋ ಉಗಿದುಕೊಂಡು ದಿನ ತಳ್ಳುತ್ತಿದ್ದರು. ಗಣಿತದ ಪ್ರಶ್ನೆಪತ್ರಿಕೆ ಬಂತು. ಅದರಲ್ಲೊಂದು ವೃತ್ತ. ಪರದೆಯಲ್ಲಿ ಅದು ಅಡ್ಡ ಮಲಗಿದ ಮೊಟ್ಟೆಯಂತೆ ಕಂಡಿತು. ಮೇಷ್ಟ್ರು ಅಸಹ್ಯಪಟ್ಟು, ಎರಡೂ ಪಕ್ಕ ಹಿಚುಕಿ ಗುಂಡಗೆ ಮಾಡಿದರು. ಅಚ್ಚಿನ ಕರಡಿನಲ್ಲಿ ಅದು ಎದ್ದು ನಿಂತ ಸೌತೆಕಾಯಿಯಾಗಿತ್ತು. ಕೆಳಗೆ ಗಂಭೀರವಾಗಿ ಪ್ರಶ್ನೆ: 'ಈ ವೃತ್ತದ ತ್ರಿಜ್ಯವನ್ನು ಕಂಡುಹಿಡಿಯಿರಿ.'

ಒಡತಿ ಕರಡು ಹಿಡಿದು ಬಂದಳು. "ಮೇಷ್ಟ್ರೇ, ಇದು ಹೀಗೇ ಹೋಗಿದ್ರೆ ಮಕ್ಕಳು ಸಿಪ್ಪೆ ಸುಲಿದು ಉಪ್ಪು ಹಾಕೋರು. ಬೇಜಾರು ಮಾಡ್ಕೋಬೇಡಿ. ಇವತ್ತು ಪರದೆ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಈ ಕುರ್ಚಿಯಲ್ಲಿ ನಿಮ್ಮ ನಾದಿನಿ ಕೂರ್ಲಿ. ಅವಳು ಕೂತಾಗ ಇದು ಕೆಡಲ್ಲ. ನೀವು ಒಳಗೆ ಕೂತು ಕರಡು ತಿದ್ದಿ."

ಕೋಳಿ ತಮ್ಮ ಕುರ್ಚಿಗೇರುವುದೆಂದರೆ! ಮೇಷ್ಟ್ರು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆಳೆದು ಕೂತು, ಹಸ್ತಪ್ರತಿಗೆ ಕಣ್ಣು ನೆಟ್ಟು ಹೊಸ ಪತ್ರಿಕೆ ಶುರುಮಾಡಿದರು. ಪ್ರತಿ ಪತ್ರಿಕೆಯ ತಲೆಬರಹವನ್ನು ಮತ್ತೆ ಟೈಪ್ ಮಾಡದೆ ನಕಲು ಮಾಡಿ ಅಂಟಿಸಬೇಕೆಂದು ಈಚೆಗೆ ಒಡತಿಯ ಅಪ್ಪಣೆಯಾಗಿತ್ತು. ನಕಲು ಎಂಬ ಮಾತೇ ಮೇಷ್ಟ್ರಿಗೆ ಹೇಸಿಗೆ. ಅದೂ ಈ ಹೊಸ ಯಂತ್ರದಲ್ಲಿ ಅವರು ಮಾಡಿದ ನಕಲು ಒಮ್ಮೆಯೂ ಅಂಟಿರಲಿಲ್ಲ. ಆದರೂ ಶಾಸ್ತ್ರಕ್ಕೆ ನಕಲಿನ ಎರಡು ಕೀಲಿ ಒತ್ತಿದರು.

"ಭಾವ! ಕೈ ಹಂಗೇ ಇಟ್ಕೊಳ್ಳಿ!" ನಾದಿನಿ ಕಿರುಚಿದಳು. "ಈಗ ನೀವು ಒತ್ತಿದ್ರಿ, ಈಗ ಅದು ಹಿಗ್ಗಿತು. ನಾನು ನೋಡ್ದೆ."

"ನೀನು ನೋಡೋದು ಬಿಟ್ಟು ಬೇರೆ ಏನು ಮಾಡಿದ್ದೀಯ?"

"ಇನ್ನೊಂದ್ಸಲ ಒತ್ತಿ. ಈಗಾದ್ರೂ ತಲೆ ಎತ್ತಿ ಒತ್ತಿ."

ಮೇಷ್ಟ್ರು ಜೀವನದಲ್ಲಿ ಮೊದಲ ಬಾರಿಗೆ ಟೈಪ್ ಮಾಡುತ್ತ ತಲೆ ಎತ್ತಿದರು. ಎಡಗೈ ಬೆರಳು 'ಸಿ' ಮೇಲೆ. ಅದು ಎಡಗೈಯ ಅಕ್ಷರವಾದ್ದರಿಂದ ನಿಯಮದಂತೆ ಬಲಗೈ ಬೆರಳು ಬಲಬದಿಯ ಕಂಟ್ರೋಲ್ ಮೇಲೆ. ಒತ್ತಿದರು, ಅಕ್ಷರ ಕುಗ್ಗಿ ನೆಟ್ಟಗಾಯಿತು. ಒತ್ತಿದರು, ಕಪ್ಪೆ.

ಒಡತಿ ಫೋನನ್ನು ಸ್ಪೀಕರಿಗೆ ಹಾಕಿ ವಿಷಯ ಹೇಳಿದರೆ ರಿಪೇರಿಯವನು ನಕ್ಕುಬಿಟ್ಟ. "ಅಯ್ಯೋ ಸಾರ್, ಬಲಗಡೆ ಕಂಟ್ರೋಲು ನೆಂಟರಿಗೆ ಹೋಗೋದೇ ಇಲ್ಲ. ಅದು ಮನೆಯವರ ಕೀಲಿ. ಅದರ ಜೊತೆ 'ಸಿ' ಒತ್ತಿದ್ರೆ ನಕಲು ಆಗಲ್ಲ, ಚಿತ್ರ ಹಿಗ್ಗಿ ಕಿಟಕಿ ತುಂಬ್ಕೊಳ್ಳುತ್ತೆ. ಎಲ್ರೂ ಎಡಗಡೇದು ಒತ್ತೋದು. ಬಲಗಡೇದು ಯಾರು ಒತ್ತುತಾರೆ?"

"ಕಲಿತವರು ಒತ್ತುತಾರೆ!" ಮೇಷ್ಟ್ರು ಗುಡುಗಿದರು. ಮೇಲಿನ ಫ್ಯಾನು ಉಲ್ಟಾ ತಿರುಗಿತೆಂದು ನಾದಿನಿ ಈಗಲೂ ಆಣೆ ಮಾಡುತ್ತಾಳೆ.

"ಸರಿ ಭಾವ, ಇನ್ಮೇಲೆ ಎಡಗಡೇದು ಒತ್ತಿ, ಮುಗೀತು."

"ಎಡಗೈ ಒಂದರಲ್ಲೇ ಎರಡೂ? ನಾನು?" ಮೇಷ್ಟ್ರು ಎದ್ದು ನಿಂತರು. ಕನ್ನಡಕ ಜೇಬಿಗಿಳಿಯಿತು. "ಕುರ್ಚಿ ತಗೋ. ನಾನು ಕರಡು ತಿದ್ತೀನಿ. ಈ ವಯಸ್ಸಲ್ಲಿ ಕೈ ಕೆಡಿಸ್ಕೊಳ್ಳಲ್ಲ."

ಕುರ್ಚಿ ಖಾಲಿಯಾಯಿತು. ನಾದಿನಿ ಕೂರಲಿಲ್ಲ. ಒಡತಿ ತನ್ನ ಎರಡೂ ಕೈಗಳನ್ನು ಗಾಳಿಯಲ್ಲೇ ಆಡಿಸಿ ನೋಡಿಕೊಂಡಳು. ನಕಲು ಮಾಡಲು ಹೋದ ಆ ಹಳೆಯ ಶಿಷ್ಯೆಯ ಬಲಗೈ ಬೆರಳೂ ತಾನಾಗಿಯೇ ಬಲಕ್ಕೇ ಚಾಚಿತು.

"ರಿಪೇರಿಯಣ್ಣ," ಎಂದಳು ಫೋನಿಗೆ, "ಮನೆಯವರ ಆ ಕೀಲಿ ಬೇರೆ ಕಡೆ ಇಡೋಕಾಗುತ್ತಾ?"

"ಆಗುತ್ತಮ್ಮ, ಒಂದು ನಿಮಿಷದ ಕೆಲಸ. ಮೇಲಿನ ಸಾಲಿನ ಮೂಲೆಗೆ ಇಟ್ಬಿಡೋಣ."

"ಇಟ್ಬಿಡಿ. ಮೇಷ್ಟ್ರೇ, ಕೂತ್ಕೊಳ್ಳಿ. ಆ ಸೌತೆಕಾಯಿನ ಮೊದ್ಲು ವೃತ್ತ ಮಾಡಿ."

ಮೇಷ್ಟ್ರು ಕೂತರು. ಸಂತೋಷವಾಯಿತೇ? ಎಲ್ಲಿಂದ! ದೊಡ್ಡದೊಂದು ರೋಗವಿರಬಹುದು, ಯಂತ್ರವನ್ನೇ ಎತ್ತಿ ಬೀದಿಗೆಸೆಯಬಹುದು ಎಂದು ಕಾದಿದ್ದವರಿಗೆ ಬೆಟ್ಟ ಅಗೆದು ಇಲಿ ಹಿಡಿದಂತಾಗಿತ್ತು. ಅದೂ ಯಾರ ಇಲಿ? ತಾವೇ ಪಾಠ ಹೇಳಿ ಸಾಕಿದ್ದು. ಅವರು ಪರದೆಯನ್ನೊಮ್ಮೆ, ತಮ್ಮ ಬಲಗೈ ಕಿರುಬೆರಳನ್ನೊಮ್ಮೆ ನೋಡಿ, ಎರಡಕ್ಕೂ ಸಮನಾಗಿ "ಥೂ" ಎಂದು ಕೆಲಸಕ್ಕೆ ತೊಡಗಿದರು.