ಕಲ್ಲಿಗೆ ಒರೆಸಿದ ಕೆಂಪು

ಹುಮನಾಬಾದಿನಲ್ಲಿ ನನ್ನದು ವೆಲ್ಡಿಂಗ್ ಅಂಗಡಿ. ಬಸವಕಲ್ಯಾಣದ ಒಂದು ಮನೆಯವರು ಅಂಗಳದಲ್ಲೇ ಈಜುಕೊಳ ಕಟ್ಟಿಸಿ, ಬೇಲಿಯ ಕೆಲಸ ನನಗೆ ಕೊಟ್ಟರು. ಗೇಟು ತಾನಾಗಿಯೇ ಮುಚ್ಚಿಕೊಳ್ಳಬೇಕು ಅನ್ನುವುದು ನಿಯಮ. ಮನೆಯಲ್ಲಿ ಮೂರು ವರ್ಷದ ಮೊಮ್ಮಗಳು ಬೇರೆ. ಸ್ಪ್ರಿಂಗ್ ಹಾಕಿ ಹಾಗೇ ಮಾಡಿಕೊಟ್ಟೆ.

ಆದರೆ ಕೊಳದಾಚೆಯ ಹಗ್ಗಕ್ಕೆ ಬಟ್ಟೆ ಹಾಕಲು ಓಡಾಡುವ ಆ ಮನೆಯ ಅಜ್ಜಿ, ಆಯಿ, ಗೇಟು ಮುಚ್ಚದಂತೆ ದಿನಾ ಕಲ್ಲು ಅಡ್ಡ ಇಡುತ್ತಿದ್ದರು.

"ಆಯಿ, ಕೂಸು ನೀರಾಗ ಬಿದ್ರ ಏನ್ ಮಾಡ್ತೀರಿ?"

"ನಾ ನೋಡಾಕತ್ತೀನಲ್ಲೋ ತಮ್ಮಾ! ಕಣ್ಣು ಚೊಲೋ ಕಾಣ್ತಾವ ನನಗ."

ಮೂರು ಸಲ ಕಲ್ಲು ಎತ್ತಿ ಎಸೆದೆ. ಮೂರು ಸಲವೂ ಅದು ವಾಪಸ್ ಬಂತು. ಕೊನೆಯ ದಿನ ಬೇಲಿಗೆ ತುಕ್ಕು ಹಿಡಿಯದಂತೆ ರೆಡ್ ಆಕ್ಸೈಡಿನ ಕೆಂಪು ಬಳಿದು, ಬ್ರಷ್ಷಿನಲ್ಲಿ ಉಳಿದದ್ದನ್ನೆಲ್ಲ ಸಿಟ್ಟಿನಿಂದ ಆ ಕಲ್ಲಿಗೇ ಒರೆಸಿ ಬಂದೆ.

ವಾರ ಬಿಟ್ಟು ಮೇಲಿನ ಬಣ್ಣ ಹೊಡೆಯಲು ಹೋದರೆ ಗೇಟು ಭದ್ರವಾಗಿ ಮುಚ್ಚಿತ್ತು! ಕಲ್ಲು ತುಳಸಿಕಟ್ಟೆಯ ಪಕ್ಕ ಹೂ ಮುಡಿದು ಕೂತಿತ್ತು.

"ಹಣಮಪ್ಪ ಮೂಡ್ಯಾನ ತಮ್ಮಾ. ದೇವರ್ನ ಗೇಟಿಗಿ ಅಡ್ಡ ಇಡಾಕ ಬರ್ತದೇನು?"

"ಎಲ್ಲಿ ಬರ್ತದ್ರಿ!" ಅಂದೆ. ಬೇಲಿಗೂ ಅದೇ ಕೆಂಪು ಅನ್ನುವುದು ಆ ಕಣ್ಣಿಗೆ ಬಿದ್ದಿರಲಿಲ್ಲ. ಗೆದ್ದವನು ನಾನು, ನಾನ್ಯಾಕೆ ಹೇಳಲಿ?

ಹೊರಡುವಾಗ ಆಯಿ ಮತ್ತೆ ಕರೆದರು. "ಹಣಮಪ್ಪಗೂ ಒಂದ್ ಸಣ್ಣ ಬೇಲಿ ಮಾಡಿಕೊಡು. ಗೇಟು ತಾನಾಗೇ ಮುಚ್ಚಬೇಕು ನೋಡು, ಕೂಸು ಹೋಗಿ ಮುಟ್ಟತಾಳ."