ಹೊಳೆಕಟ್ಟೆಯ ಮೇಲೆ ಕಾದವಳು

ನಮ್ಮದು ಹಡಗಲಿ ತಾಲೂಕಿನ ಹೊಳೆದಂಡೆಯ ಊರು. ತುಂಗಭದ್ರೆಗೆ ಇಳಿಯುವ ಕಡೆ ಕರಿಕಲ್ಲಿನ ಕಟ್ಟೆಯೊಂದು ನೀರಿನೊಳಗೆ ಚಾಚಿಕೊಂಡಿದೆ. ಎಲ್ಲರೂ ಅದನ್ನು ಹೊಳೆಕಟ್ಟೆ ಎನ್ನುತ್ತಾರೆ. ಕೊಟ್ಟೂರು, ಹೊಸಹಳ್ಳಿ ಕಡೆಯ ಹತ್ತಿ, ಕಂಬಳಿಗಳು ಹಿಂದೆ ಇಲ್ಲಿಂದಲೇ ಆಚೆ ದಂಡೆಗೆ ಹೋಗುತ್ತಿದ್ದವೆಂದು ಅಜ್ಜಿ ಹೇಳುತ್ತಿದ್ದಳು. ಗಾಡಿ ಎತ್ತುಗಳು ಕೆಸರಿನಲ್ಲಿ ಹೂತು ಒದ್ದಾಡುವುದನ್ನು ನೋಡಲಾರದೆ ಊರವರೇ ಗುಡ್ಡದಿಂದ ಬಂಡೆ ಎಳೆದು ತಂದು ಕಟ್ಟಿದರಂತೆ. ನಾನು ಕಂಡ ಕಾಲಕ್ಕೆ ಅದರ ತುದಿಯಲ್ಲಿ ಅಪ್ಪನ ಹರಿಗೋಲು ಇರುತ್ತಿತ್ತು. ಸಂತೆಗೆ ಹೋಗುವವರು, ಕುರಿ ದಾಟಿಸುವವರು, ಹೆಣ್ಣು ನೋಡಲು ಹೊರಟವರು ಅಲ್ಲಿ ಅವನಿಗಾಗಿ ಕಾಯುತ್ತಿದ್ದರು. ಹೊಳೆ ಏರಿದಾಗ ಅಪ್ಪ ಬೇಡವೆಂದರೆ ಮುಗಿಯಿತು, ಊರ ಗೌಡರೂ ಎದುರಾಡುತ್ತಿರಲಿಲ್ಲ.

ತೊಂಬತ್ತರ ದಶಕದ ಒಂದು ಶ್ರಾವಣದಲ್ಲಿ ಪಂಚಮಿ ಜೋಕಾಲಿಯ ಆಸೆಗೆ ನಾನು ಆಚೆ ದಂಡೆಯ ದೊಡ್ಡವ್ವನ ಊರಿಗೆ ಹೋಗಿದ್ದೆ. ಹಬ್ಬ ಮುಗಿಯುವಷ್ಟರಲ್ಲಿ ಹೊಳೆ ಕೆಂಪಾಗಿ ಏರಿ, ಬುಡಸಮೇತ ಮರಗಳು ತೇಲಿಬರತೊಡಗಿದವು. ಅಪ್ಪ ಹರಿಗೋಲನ್ನು ದಂಡೆಗೆ ಎಳೆದು ಬೋರಲು ಹಾಕಿದ.

ಅಂದು ಬೆಳಿಗ್ಗೆ ಕಾನಹೊಸಹಳ್ಳಿ ಹತ್ತಿರದ ಹಳ್ಳಿಯಿಂದ ಬಸ್ಸು ಬದಲಿಸಿಕೊಂಡು ಮುದುಕಿಯೊಬ್ಬಳು ಕಟ್ಟೆಗೆ ಬಂದಳು. ಆಚೆ ಊರಿಗೆ ಕೊಟ್ಟಿದ್ದ ಮಗಳು ಹೆರಿಗೆಯಾಗಿ ಜ್ವರದಿಂದ ಮಲಗಿದ್ದಾಳೆಂದು ಕುರಿಗಾರರೊಬ್ಬರು ಸುದ್ದಿ ತಂದಿದ್ದರು. ಗಂಟಿನಲ್ಲಿ ಬಾಣಂತಿಗೆಂದು ಅಂಟಿನುಂಡಿ ಇತ್ತು. ಅಪ್ಪ ಒಲ್ಲೆ ಎಂದ. ಸುತ್ತು ಬಳಸಿ ಬಸ್ಸಿಗೆ ಹೋಗಲೇ ಎಂದು ಅವಳು ಕೇಳಿದಳು. ಸಂಜೆಗೆ ನೀರು ಇಳಿಯಬಹುದು, ಕಾಯಿರಿ ಎಂದು ಹೇಳಿದವನೂ ಅಪ್ಪನೇ. ಅವಳು ಕಟ್ಟೆಯ ಮೇಲೆ ಕೂತಳು. ಅವ್ವ ರೊಟ್ಟಿ ಒಯ್ದು ಕೊಟ್ಟರೆ ಮುರಿದು ಕೈಯಲ್ಲೇ ಇಟ್ಟುಕೊಂಡಿದ್ದಳಂತೆ. ಇದೆಲ್ಲ ಅವ್ವ ನನಗೆ ಆಮೇಲೆ ಹೇಳಿದ್ದು.

ನೀರು ಇಳಿಯಲಿಲ್ಲ. ಇಳಿಹೊತ್ತಿಗೆ, ದೊಡ್ಡವ್ವನ ಮನೆಯವರು ಹೊಲಕ್ಕೆ ಹೋಗಿದ್ದಾಗ, ನಾನು ಬಟ್ಟೆಗಂಟು ಹಿಡಿದು ಒಬ್ಬಳೇ ದಂಡೆಗೆ ಬಂದು ನಿಂತೆ. ಅಪ್ಪ ದಿನವೂ ಬರುವವನು, ಇವತ್ತೂ ಬರುತ್ತಾನೆ ಎಂದುಕೊಂಡಿದ್ದೆ, ಅಷ್ಟೇ. ಈಚೆಯಿಂದ ಅಪ್ಪನಿಗೆ ನನ್ನ ಕೆಂಪು ಲಂಗ ಕಂಡಿತು. ಪಕ್ಕದಲ್ಲಿ ದೊಡ್ಡವರಿಲ್ಲ, ಕಾಲ ಬುಡದಲ್ಲೇ ನೀರು. ಅವನು ಯಾರಿಗೂ ಏನೂ ಹೇಳದೆ ಹರಿಗೋಲನ್ನು ನೀರಿಗೆ ತಳ್ಳಿದ.

ಮುದುಕಿ ಎದ್ದು ಗಂಟು ಎತ್ತಿಕೊಂಡಳು. ಅಪ್ಪ ತಿರುಗಿ ನೋಡಲಿಲ್ಲ. ಒಬ್ಬನೇ ಇದ್ದರೆ, ಮಗುಚಿದರೂ ಈಜಿಯಾನು. ಮುದುಕಿಯನ್ನು ಕೂರಿಸಿಕೊಂಡು ಮಗುಚಿದರೆ? ಅದು ಅವನ ಲೆಕ್ಕ. ಆದರೆ ಮರಳುವಾಗ ಅದೇ ಹರಿಗೋಲಿನಲ್ಲಿ, ಅದೇ ನೀರಿನ ಮೇಲೆ, ಈಜು ಬಾರದ ನಾನಿದ್ದೆ.

ನಾವು ಕಟ್ಟೆ ಮುಟ್ಟಿದಾಗ ಕತ್ತಲಾಗುತ್ತಿತ್ತು. ಅವಳು ಅಪ್ಪನನ್ನು ಕೇಳಿದ್ದು ಒಂದೇ ಮಾತು.

“ನೀರು ಇಳೀತೇನಪ್ಪಾ?”

ಅಪ್ಪ ಹಗ್ಗ ಕಟ್ಟುತ್ತಲೇ ಇದ್ದ. “ಮುಂಜಾನೆ ದಾಟಸ್ತೀನಿ ಯವ್ವಾ” ಎಂದ.

ಆ ರಾತ್ರಿ ಅವಳು ನಮ್ಮ ಮನೆಯಲ್ಲೇ ಮಲಗಿದಳು. ಮಲಗುವ ಮುಂಚೆ ನನ್ನ ಒದ್ದೆ ತಲೆಯನ್ನು ತನ್ನ ಸೆರಗಿನಿಂದ ಒರೆಸಿದಳು. ಬೆಳಿಗ್ಗೆ ನೀರು ಒಂದಿಷ್ಟು ಇಳಿದಿತ್ತು, ಅಪ್ಪ ದಾಟಿಸಿದ. ಮಗಳು ನಸುಕಿನಲ್ಲೇ ತೀರಿಕೊಂಡಿದ್ದಳು. ಕೂಸು ಉಳಿದಿತ್ತು.

ಆಮೇಲೆ ಮೊಮ್ಮಗಳನ್ನು ನೋಡಲು ಅವಳು ಆಗಾಗ ಬರುತ್ತಿದ್ದಳು. ಅಪ್ಪ ಹರಿಗೋಲಿನಲ್ಲಿ ಅವಳಿಗೆಂದು ಗೋಣಿಚೀಲ ಹಾಸುತ್ತಿದ್ದ. ಇಬ್ಬರೂ ಮಾತಾಡುತ್ತಿರಲಿಲ್ಲ. ಅವಳು ಕಟ್ಟೆಯ ಮೇಲೆ ಕಂಡರೆ ನಾನು ಕೊಡ ಅಲ್ಲೇ ಬಿಟ್ಟು ಮನೆಗೆ ಓಡುತ್ತಿದ್ದೆ. ಊರಲ್ಲಿ ಯಾರೂ ಅಪ್ಪನನ್ನು ಬೈಯಲಿಲ್ಲ, ಮಗಳಿಗಾಗಿ ಯಾರಾದರೂ ಹಾಗೇ ಮಾಡುತ್ತಾರೆ ಎಂದರು. ನನ್ನನ್ನಂತೂ ಯಾರೂ ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

ಎರಡು ಸಾವಿರದ ಇಸವಿಯ ಈಚೆಗೆ ಮೇಲುಗಡೆ ಸೇತುವೆ ಆಯಿತು, ಬಸ್ಸು ಬಂತು. ಈಗ ಕಟ್ಟೆಯ ಮೇಲೆ ಹೆಂಗಸರು ಕೌದಿ, ಕಂಬಳಿ ಒಗೆಯುತ್ತಾರೆ. ತೀರಿದವರ ಬೂದಿ ಬಿಡುವುದೂ ಅಲ್ಲೇ, ಗಣಪತಿ ಕಳಿಸುವುದೂ ಅಲ್ಲೇ. ಪಕ್ಕದಲ್ಲಿ ಕುಡಿಯುವ ನೀರಿನ ಮೋಟರಿನ ಮನೆ ಎದ್ದಿದೆ. ಅಪ್ಪ ಮೀನಿನ ಬಲೆ ಹಿಡಿದ.

ನಾನು ತವರಿಗೆ ಬಂದಿದ್ದಾಗ ಒಂದು ದಿನ ಆ ಮುದುಕಿ ಬಸ್ಸಿಳಿದು, ಸೇತುವೆ ಬಿಟ್ಟು, ಕೋಲೂರಿಕೊಂಡು ಕಟ್ಟೆಗೆ ಇಳಿದು ಬಂದಳು. ನಾನು ಅಲ್ಲೇ ಕೌದಿ ಹಿಂಡುತ್ತಿದ್ದೆ. ಈ ಸಲ ಓಡಲಿಲ್ಲ. ಅವಳು ಬಲೆ ಬಿಡಿಸುತ್ತಿದ್ದ ಅಪ್ಪನ ಎದುರು ಕೂತಳು.

“ಅವತ್ತು ನನ್ನೂ ಕುಂದ್ರಿಸಿಕೊಂಡು ಹೋಗಿದ್ರ ಹರಗೋಲು ಮುಳುಗತಿತ್ತೇನಪ್ಪಾ?”

ಅಪ್ಪ ಬಲೆ ಕೆಳಗಿಟ್ಟ. “ಮುಳುಗತಿದ್ದಿಲ್ಲ ಯವ್ವಾ” ಎಂದ.

ಅವಳು ಹೊಳೆಯನ್ನೇ ನೋಡಿದಳು. “ನನಗೂ ಹಂಗ ಅನಿಸಿತ್ತು” ಎಂದಳು. ನಂತರ ನನ್ನ ಕಡೆ ತಿರುಗಿ ಮಕ್ಕಳೆಷ್ಟು ಎಂದು ಕೇಳಿದಳು. ನಾನು ಬೆರಳು ತೋರಿಸಿದೆ. ಚೆನ್ನಾಗಿರಲಿ ಎಂದು ಹೇಳಿ ಎದ್ದು ಹೋದಳು. ಮತ್ತೆ ಬರಲಿಲ್ಲ.

ನಿಜಕ್ಕೂ ಮುಳುಗುತ್ತಿರಲಿಲ್ಲವೇ ಎಂದು ನಾನು ಅಪ್ಪನನ್ನು ಕೇಳಿದೆ.

“ಯಾರಿಗೆ ಗೊತ್ತವ್ವಾ” ಎಂದ. “ಮುಳುಗತಿತ್ತು ಅಂದಿದ್ರ ಆಕೀಗೆ ಇನ್ನೊಮ್ಮಿ ಒಲ್ಲೆ ಅಂದಂಗ ಆಗತಿತ್ತು.”